ಕುಲ್ಲುನಗ ಬರುವ ಲೈಟು

ಈಗಿನ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಎರಡು ಹಳದಿ ಲೈಟುಗಳಿರುತ್ತವೆ. ಒಂದರಲ್ಲಿ ವೃತ್ತದೊಳಗೆ ಎ.ಬಿ.ಎಸ್. ಎಂದು ಬರೆದಿರುತ್ತದೆ, ಅದು ಬ್ರೇಕಿನದ್ದು. ಇನ್ನೊಂದರಲ್ಲಿ ಪುಟ್ಟ ಕಾರೊಂದು ಕುಡಿದವರ ಹಾಗೆ ಅಂಕುಡೊಂಕು ಗೆರೆ ಎಳೆದುಕೊಂಡು ಹೋಗುತ್ತಿರುತ್ತದೆ. ಚಕ್ರ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆಯ ಲೈಟು ಅದು. ಎರಡೂ ಒಟ್ಟಿಗೆ ಹೊತ್ತಿಕೊಂಡು ಹಾಗೆಯೇ ಉರಿಯುತ್ತಿದ್ದರೆ ಏನೂ ಕಷ್ಟವಿಲ್ಲ, ಯಾರು ಬೇಕಾದರೂ ಸರಿ ಮಾಡಬಹುದು. ಆದರೆ ದಾರಿಯಲ್ಲಿ ಉರಿದು, ವರ್ಕ್‌ಶಾಪಿನ ಗೇಟಿಗೆ ಬರುವಷ್ಟರಲ್ಲಿ ಸಜ್ಜನರಂತೆ ಆರಿಹೋಗುವ ಲೈಟು ಉಂಟಲ್ಲ, ಅದು ಮೆಕ್ಯಾನಿಕ್ಕಿನ ವಿದ್ಯೆಯನ್ನಲ್ಲ, ಗುಣವನ್ನು ಪರೀಕ್ಷಿಸುತ್ತದೆ. ನಾನು ಆ ಪರೀಕ್ಷೆಯಲ್ಲಿ ಫೇಲಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಾಲಿಟೆಕ್ನಿಕ್ಕಿನ ಉಪನ್ಯಾಸಕರೊಬ್ಬರು ಬಂದು, ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗಾಗಿ ‘ನಿಮ್ಮ ಸಾಧನೆ’ ಬರೆದುಕೊಡಿ ಎಂದು ಕೇಳಿದರು. ಸಾಧನೆಯನ್ನು ಎರಡು ಸಾಲಿನಲ್ಲಿ ಮುಗಿಸುತ್ತೇನೆ. ಇಂಜಿನಿಯರಿಂಗ್ ಓದಿದೆ, ಬಿ.ಸಿ. ರೋಡ್ ಎಂಬ ಊರಿನಲ್ಲಿ ಒಂದು ಕಾರು ಕಂಪನಿಯ ಸರ್ವಿಸ್ ವರ್ಕ್‌ಶಾಪಿನಲ್ಲಿ ನಿವೃತ್ತಿಯವರೆಗೆ ದುಡಿದೆ. ಮೂರು ಬಡ್ತಿ ಸಿಕ್ಕಿತು, ಪ್ರತಿ ಬಡ್ತಿಯ ನಂತರವೂ ಕಾರಿನಿಂದ ಒಂದು ಕೋಣೆಯಷ್ಟು ದೂರ ಹೋದೆ. ಇಷ್ಟೇ. ಉಳಿದದ್ದು ಎಡವಟ್ಟುಗಳು. ಅವುಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ: ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನೀವೂ ಪೂರ್ತಿ ನಂಬಬೇಡಿ. ಕಾರಿನ ಕಂಪ್ಯೂಟರು ದೋಷವನ್ನು ಕಂಡ ಕೂಡಲೇ ಬರೆದಿಟ್ಟುಕೊಳ್ಳುತ್ತದೆ. ಮನುಷ್ಯನ ತಲೆ ಸ್ವಲ್ಪ ದಿನ ಕಾದು, ತನಗೆ ಅನುಕೂಲವಾದದ್ದನ್ನು ಬರೆದುಕೊಳ್ಳುತ್ತದೆ.

ನಾನು ಸೇರಿದಾಗ ವರ್ಕ್‌ಶಾಪಿನಲ್ಲಿ ವಿದ್ಯುತ್ ಕೆಲಸವೆಲ್ಲ ಹಸನಾಕನದ್ದು. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರಲ್ಲಿ ಹಿರಿಯರ ಹೆಸರಿಗೆ ‘ಆಕ’ ಸೇರಿಸಿ ಕರೆಯುತ್ತಾರೆ. ಅವನನ್ನು ಮ್ಯಾನೇಜರನೂ ಹಸನಾಕ ಎಂದೇ ಕರೆಯುತ್ತಿದ್ದ. ಕೈಯಲ್ಲಿ ತಂತಿಯಲ್ಲಿ ಕರೆಂಟು ಉಂಟೋ ಎಂದು ನೋಡುವ ಒಂದು ಟೆಸ್ಟ್ ಲ್ಯಾಂಪು, ಬಾಯಲ್ಲಿ ಪ್ರಶ್ನೆ. ಕಾರಿನ ಬಾನೆಟ್ ಎತ್ತುವ ಮೊದಲು ಡ್ರೈವರನನ್ನು ಕೂರಿಸಿ ಹತ್ತು ನಿಮಿಷ ಮಾತಾಡುತ್ತಿದ್ದ. ಅದನ್ನು ನಾವು ವಿದ್ಯಾವಂತರು ಪಟ್ಟಾಂಗ, ಅಂದರೆ ಕಾಡುಹರಟೆ, ಎಂದು ಕರೆಯುತ್ತಿದ್ದೆವು. ಆಮೇಲೆ ಕಾರಿನ ಕಂಪ್ಯೂಟರು ಬರೆದಿಟ್ಟ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಬಂತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಹಚ್ಚಿ, ಹೂ ಮುಡಿಸಿ ನಡುಮಧ್ಯೆ ಇಟ್ಟೆವು. ಹಸನಾಕನ ಟೆಸ್ಟ್ ಲ್ಯಾಂಪು ಡಬ್ಬದೊಳಗೆ ಹೋಯಿತು. ಗುಂಡಿಗಿಳಿದು ಕಾರಿನ ಅಡಿ ನೋಡುವ ಕ್ರಮವೂ ಹೋಯಿತು. ಕಾರನ್ನೇ ಮೇಲೆತ್ತುವ ಲಿಫ್ಟ್ ಬಂದ ಮೇಲೆ ಗುಂಡಿಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತುಂಬಿಸಿಟ್ಟೆವು.

ಸ್ಕ್ಯಾನರಿನ ಬಗ್ಗೆ ನನಗೆ ದ್ವೇಷವಿಲ್ಲ. ಯಾವ ಚಕ್ರದ ಕಡೆಯಿಂದ ದೂರು ಬಂದಿದೆ ಎಂದು ಅದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ‘ಆ ಮನೆಯಲ್ಲಿ ಏನೋ ಗಲಾಟೆ’ ಎಂದು ಹೇಳಿ ಬೇಲಿಯಾಚೆಗೆ ತಲೆ ಎಳೆದುಕೊಳ್ಳುವ ನೆರೆಮನೆಯವರ ಹಾಗೆ. ನಮ್ಮ ಮ್ಯಾನೇಜರನಿಗೆ ಅಷ್ಟೂ ಬೇಕಿರಲಿಲ್ಲ. ಅವನ ಸಿದ್ಧಾಂತ ಸರಳ: “ಕೋಡ್ ಕ್ಲಿಯರ್ ಮಾಡಿ, ಗಿರಾಕಿ ಕ್ಲಿಯರ್.” ಅಳಿಸಿದ ಕೋಡು ಗಿರಾಕಿ ಪಕ್ಕದೂರು ವಗ್ಗ ದಾಟುವವರೆಗೆ ಬಾರದಿದ್ದರೆ ಸಾಕು. ಗಿರಾಕಿಗಳೂ ಕಡಿಮೆಯವರಲ್ಲ. ವಿಟ್ಲದ ಕಡೆಯ ಒಬ್ಬ ಟೀಚರು ಆ ಲೈಟಿನ ಮೇಲೆ ತಮ್ಮ ಹಣೆಯ ಬೊಟ್ಟು ಕಿತ್ತು ಅಂಟಿಸಿಕೊಂಡು ಒಂದು ವರ್ಷ ಓಡಿಸಿದ್ದರು. “ಎಂತ ಟೀಚರ್ ಇದು?” ಎಂದು ಕೇಳಿದರೆ, “ನೀವು ಮೂರು ಸಲ ಸರಿ ಮಾಡಿ ಕೊಟ್ಟಿರಿ, ನಾನು ಒಂದೇ ಸಲ ಮಾಡಿದ್ದು” ಎಂದರು. ನಮ್ಮ ದುರಸ್ತಿಗಿಂತ ಬೊಟ್ಟು ಹೆಚ್ಚು ಬಾಳಿಕೆ ಬಂದಿತ್ತು ಎಂಬುದು ನಿಜ.

ಈಗ ಸಂಜೀವನ ವಿಷಯ.

ಮೂಡಬಿದಿರೆಯಲ್ಲಿ ಎರಡು ಹೋಟೆಲು ನಡೆಸುತ್ತಿದ್ದ ವಿಠಲ ಶೆಟ್ಟರ ಕಾರಿಗೆ ಸಂಜೀವ ಡ್ರೈವರ್. ವೇಣೂರಿನವನು, ಹನ್ನೊಂದು ವರ್ಷದಿಂದ ಅವರ ಜೊತೆ ಇದ್ದವನು. ಒಂದು ದಿನ ಕಾರು ತಂದು ನಿಲ್ಲಿಸಿ, ದೂರು ಬರೆದುಕೊಳ್ಳುವ ಕೌಂಟರಿಗೆ ಹೋದ. ಅಲ್ಲಿ ಕೂತಿದ್ದವನು ಪ್ರಶಾಂತ, ದಾವಣಗೆರೆಯಿಂದ ಬಂದು ಮೂರು ತಿಂಗಳಾಗಿತ್ತು. ತುಳು ಅವನ ಕಿವಿಗೆ ಇನ್ನೂ ಮಳೆಯ ಸದ್ದಿನ ಹಾಗೆ. ಸಂಜೀವ ಕಚೇರಿಯವರ ಎದುರು ಕನ್ನಡವೇ ಮಾತಾಡಬೇಕೆಂದು ಶ್ರಮಪಟ್ಟು ಹೇಳಿದನಂತೆ:

“ಎರಡು ಲೈಟು ಬರ್ತದೆ ಸರ್. ಕುಲ್ಲುನಗ ಬರ್ತದೆ. ಮತ್ತೆ ಇಲ್ಲ.”

“ಕೂಲ್ ಆದಾಗಾ?”

“ಹ್ಞಾಂ, ಕುಲ್ಲುನಗ.”

ತುಳುವಿನಲ್ಲಿ ಕುಲ್ಲುನಗ ಎಂದರೆ ‘ಕೂತುಕೊಳ್ಳುವಾಗ’. ಅವಸರದಲ್ಲಿ ಬಾಯಿಗೆ ಬಂದ ಮನೆಮಾತು. ಪ್ರಶಾಂತ ಜಾಬ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದ: ವಾರ್ನಿಂಗ್ ಲ್ಯಾಂಪ್ ಆನ್, ವೆನ್ ಕೂಲ್. ಕಾರು ತಂಪಾಗಿರುವಾಗ ಲೈಟು ಬರುತ್ತದೆ.

ನಾನು ಜಾಬ್ ಕಾರ್ಡ್ ಓದಿದೆ. ಸಂಜೀವ ಹತ್ತು ಹೆಜ್ಜೆ ದೂರದಲ್ಲಿ ಬೆಂಚಿನ ಮೇಲೆ ಕೂತಿದ್ದ. ನನ್ನ ಮನೆಮಾತೂ ತುಳುವೇ. ಆದರೆ ಸಮವಸ್ತ್ರ ಹಾಕಿದ ಮೇಲೆ ಅದು ನನಗೆ ಕೇಳಿಸುತ್ತಿರಲಿಲ್ಲ. ಸ್ಕ್ಯಾನರ್ ಹಾಕಿದಾಗ ಹಿಂದಿನ ಎಡ ಚಕ್ರದ ವೇಗ ಅಳೆಯುವ ಸೆನ್ಸರಿನಿಂದ ಆಗಾಗ ಸಂಕೇತ ತಪ್ಪುತ್ತಿದೆ ಎಂದು ತೋರಿಸಿತು. ಸರಿ, ಲೋಹ ತಂಪಾದಾಗ ಕುಗ್ಗುತ್ತದೆ, ಕುಗ್ಗಿದಾಗ ಸೆನ್ಸರಿಗೂ ಅದರ ಎದುರಿನ ಉಂಗುರಕ್ಕೂ ನಡುವಿನ ಅಂತರ ಬದಲಾಗುತ್ತದೆ ಎಂದು ಅರ್ಧ ಪುಟದ ಸಿದ್ಧಾಂತ ಬರೆದೆ. ಮ್ಯಾನೇಜರನಿಗೆ ಅದು ಎಷ್ಟು ಇಷ್ಟವಾಯಿತೆಂದರೆ ಅದನ್ನು ನೋಟಿಸ್ ಬೋರ್ಡಿಗೆ ಹಾಕಿಸಿದ. ಕಾರನ್ನು ನೆರಳಿನಲ್ಲಿ ತಣಿಸಿ ನೋಡಿದೆವು. ಬೆಳಿಗ್ಗೆ ಬೇಗ ಸ್ಟಾರ್ಟ್ ಮಾಡಿ ನೋಡಿದೆವು. ಕೊನೆಗೆ ಮೀನು ಮಾರುಕಟ್ಟೆಯಿಂದ ಮಂಜುಗಡ್ಡೆ ತರಿಸಿ, ಗೋಣಿಯಲ್ಲಿ ಸುತ್ತಿ ಆ ಸೆನ್ಸರಿನ ಮೇಲೆ ಇಟ್ಟೆವು. ಲೈಟು ಬರಲಿಲ್ಲ. ಕರಗಿದ ನೀರು ಎಲ್ಲೆಲ್ಲಿ ಇಳಿಯಿತೋ, ಕಾರು ಎರಡು ದಿನ ಬಂಗುಡೆ ಮೀನು ನಾರಿತು. ಶೆಟ್ಟರು ಫೋನ್ ಮಾಡಿ, “ಮೀನು ನಾನೂ ತಿನ್ತೇನೆ ಇಂಜಿನಿಯರ್ರೆ, ಆದ್ರೆ ಹೋಟೆಲಿನಲ್ಲಿ” ಎಂದರು.

ಸೆನ್ಸರ್ ಬದಲಿಸಿದೆವು. ಕಾರು ಹೋಯಿತು, ವಾರದಲ್ಲಿ ವಾಪಸು ಬಂತು. ಬೇರಿಂಗ್ ಬದಲಿಸಿದೆವು. ಹೋಯಿತು, ಬಂತು. ಪ್ರತಿ ಸಲವೂ ಲಿಫ್ಟಿಗೆ ಏರಿಸಿ ತಂತಿಗಳನ್ನು ಅಳೆದೆವು; ಲಿಫ್ಟಿನ ಮೇಲೆ ಆ ಕಾರಿನಷ್ಟು ಆರೋಗ್ಯವಂತ ಕಾರು ಇನ್ನೊಂದಿರಲಿಲ್ಲ. ನಾಲ್ಕನೆಯ ಸಲ ನಾನೇ ಓಡಿಸಿಕೊಂಡು ಹೋದೆ. ಪಕ್ಕದಲ್ಲಿ ಸಂಜೀವ. ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಯವರೆಗೆ ಹೋಗಿ ತಿರುಗಿ ಬಂದೆವು. ಲೈಟು ಬರಲೇ ಇಲ್ಲ. ಆ ದಾರಿಯುದ್ದಕ್ಕೂ ಸಂಜೀವ ಬಾಯಿ ಬಿಡಲಿಲ್ಲ ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆ ದಿನ ನಾನು ವರದಿ ಬರೆದೆ. ಇಂಗ್ಲಿಷಿನಲ್ಲಿ, ಎರಡು ವಾಕ್ಯ: ನೋ ಅಬ್‌ನಾರ್ಮಾಲಿಟಿ ಫೌಂಡ್. ಡ್ರೈವರ್ ಹ್ಯಾಬಿಟ್ ಟು ಬಿ ಚೆಕ್ಡ್. ಕಾರಿನಲ್ಲಿ ದೋಷವಿಲ್ಲ, ಡ್ರೈವರನ ಅಭ್ಯಾಸವನ್ನು ಗಮನಿಸಬೇಕು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾನೋ ಏನೋ ಎಂಬ ಅರ್ಥದಲ್ಲಿ. ನಿಜ ಹೇಳಬೇಕೆಂದರೆ ಯಾವ ಅರ್ಥದಲ್ಲಿಯೂ ಅಲ್ಲ. ದೋಷ ಸಿಗದಿದ್ದಾಗ ಯಾರ ಮೇಲಾದರೂ ಹಾಕಲು ಕಂಪನಿಯ ತರಬೇತಿಯಲ್ಲಿ ಕಲಿಸಿದ ವಾಕ್ಯ ಅದು. ನೀವೂ ಕಲಿಯುತ್ತೀರಿ.

ಎರಡು ದಿನ ಬಿಟ್ಟು ಶೆಟ್ಟರ ಫೋನು.

“ಇಂಜಿನಿಯರ್ರೆ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಮಾರಾಯ್ರೆ. ಹನ್ನೊಂದು ವರ್ಷ ಒಟ್ಟಿಗಿದ್ದು ನನಗೆ ಗೊತ್ತೇ ಆಗ್ಲಿಲ್ಲ.”

“ಎಂತದ್ದು ಶೆಟ್ರೆ?”

“ಸಂಜೀವನಿಗೆ ಹ್ಯಾಬಿಟ್ ಇದ್ದದ್ದು. ಒಂದು ಚೂರು ವಾಸನೆ ಸಹ ಬರ್ಲಿಕ್ಕಿಲ್ಲ. ಹುಷಾರಿದ್ದಾನೆ.”

“ಅಲ್ಲ ಶೆಟ್ರೆ, ಅದು ಹಾಗಲ್ಲ...”

“ನೀವು ಮರ್ಯಾದೆಯವರು, ಮರ್ಯಾದೆಯಲ್ಲಿ ಬರ್ದಿದ್ದೀರಿ. ನನಗೆ ಅರ್ಥ ಆಗ್ತದೆ. ನಾನು ಕೂತಾಗ ಮಾತ್ರ ಲೈಟು ಬರ್ತದೆ, ನಿಮ್ಮಲ್ಲಿ ಬರುದಿಲ್ಲ ಅಂದ್ರೆ ಅವನೇ ಎಂತದೋ ಮಾಡ್ತಾನೆ. ಈ ತಿಂಗಳ ಕೊನೆಗೆ ಬೇರೆ ಜನ ನೋಡ್ತೇನೆ.”

ಫೋನ್ ಇಟ್ಟರು. ನಮ್ಮ ಊರಿನಲ್ಲಿ ‘ಅವನಿಗೆ ಹ್ಯಾಬಿಟ್ ಉಂಟು’ ಎಂದರೆ ಕುಡಿಯುತ್ತಾನೆ ಎಂದೇ ಅರ್ಥ. ಪುಸ್ತಕ ಓದುವ ಅಭ್ಯಾಸಕ್ಕೆ ಯಾರೂ ಆ ಶಬ್ದ ಬಳಸುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಇನ್ನೊಂದು ಮಾತನ್ನೂ ಗಮನಿಸಿ: ‘ನಾನು ಕೂತಾಗ ಮಾತ್ರ’ ಎಂದು ಶೆಟ್ಟರೇ ಬಾಯಿಬಿಟ್ಟು, ಕನ್ನಡದಲ್ಲಿ, ನನಗೆ ಹೇಳಿದ್ದರು. ಉತ್ತರವೇ ಫೋನ್ ಮಾಡಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಮರುದಿನ ಸಂಜೀವ ಯಾರೂ ಕಳಿಸದೆ ತಾನೇ ಕಾರು ತೆಗೆದುಕೊಂಡು ಬಂದ. ಒಳಗೆ ಬರಲಿಲ್ಲ, ನನ್ನ ಕೋಣೆಯ ಬಾಗಿಲಲ್ಲಿ ನಿಂತ. “ಸರ್, ನಾನು ಭಜನಾ ಮಂಡಳಿಯ ಕಾರ್ಯದರ್ಶಿ ಸರ್. ಬೀಡಿ ಸಹ ಮುಟ್ಟುದಿಲ್ಲ. ಕುಡುಕ ಅಂತ ಒಮ್ಮೆ ಹೆಸರು ಬಂದ್ರೆ ಮತ್ತೆ ವೇಣೂರಿನಲ್ಲಿ ಯಾರು ಚಾವಿ ಕೊಡ್ತಾರೆ?” ಎಂದ. ನಾನು, ಅದು ತಾಂತ್ರಿಕ ಪದ, ಅದಕ್ಕೆ ಆ ಅರ್ಥವಿಲ್ಲ ಎಂದು ವಿವರಿಸಲು ಹೊರಟೆ. ಹಸನಾಕ ಅದೇ ಹೊತ್ತಿಗೆ ಬ್ಯಾಟರಿ ಹೊತ್ತುಕೊಂಡು ಹೋಗುತ್ತಿದ್ದವನು ಅದನ್ನು ಕೆಳಗಿಟ್ಟು ತುಳುವಿನಲ್ಲಿ ಕೇಳಿದ, “ಏಪ ಬರ್ಪುಂಡು?” ಯಾವಾಗ ಬರುತ್ತದೆ?

“ಕುಲ್ಲುನಗ.”

“ಏರ್ ಕುಲ್ಲುನಗ?” ಯಾರು ಕೂತುಕೊಳ್ಳುವಾಗ?

“ದನಿಕುಲು.” ಧಣಿಗಳು.

ಹಸನಾಕ ನನ್ನ ಮುಖ ನೋಡಿ ಕನ್ನಡಕ್ಕೆ ಬಂದ. “ಸರ್, ಐಸ್ ಇಟ್ಟದ್ದು ಯಾರು?”

ಧಣಿಗಳು ಹಿಂದಿನ ಸೀಟಿನಲ್ಲಿ ಎಡಗಡೆಯೇ ಕೂರುವುದು ನಮ್ಮ ಕಡೆಯ ಕ್ರಮ. ಮುಂದೆ ಕೂತರೆ ಡ್ರೈವರನ ಸಮ ಕೂತ ಹಾಗೆ, ಹಿಂದೆ ಬಲಗಡೆ ಕೂತರೆ ಬಾಗಿಲು ರಸ್ತೆಗೆ ತೆರೆಯುತ್ತದೆ. ವಿಠಲ ಶೆಟ್ಟರು ಮೂಡಬಿದಿರೆಯಲ್ಲಿ ತೂಕದ ಮನುಷ್ಯ ಎಂದು ಹೆಸರಾದವರು. ಆ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವರು ವರ್ಕ್‌ಶಾಪಿಗೆ ಯಾವತ್ತೂ ಬಂದವರಲ್ಲ. ಅವರನ್ನು ಇಳಿಸಿ, ಕಾರು ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಸಂಜೀವ ಒಬ್ಬನೇ ಬರುವಾಗ ಲೈಟು ಆರಿರುತ್ತಿತ್ತು.

ಹಸನಾಕ ಹಿಂದಿನ ಎಡ ಸೀಟಿನಲ್ಲಿ ಕೂತ. ಅವನು ಕೊಡೆಯ ಕಡ್ಡಿಯಂಥ ಮನುಷ್ಯ, ಏನೂ ಆಗಲಿಲ್ಲ. ಟೈರ್ ವಿಭಾಗದ ಇಬ್ಬರು ಗಟ್ಟಿಗರನ್ನು ಕರೆದು ತನ್ನ ಪಕ್ಕಕ್ಕೆ ಒತ್ತಿ ಕೂರಿಸಿಕೊಂಡ. “ಶೆಟ್ರಾಗಿ ಕೂತ್ಕೊಳ್ಳಿ” ಎಂದ. ಸಂಜೀವ ಓಡಿಸಿದ, ನಾನು ಮುಂದೆ. ವಗ್ಗ ಮುಟ್ಟುವ ಮೊದಲೇ ಎರಡೂ ಲೈಟು ಬಂತು. ಸಂಜೀವ ಲೈಟು ನೋಡಲಿಲ್ಲ, ನನ್ನನ್ನು ನೋಡಿದ.

ವಾಪಸು ಬಂದು, ಗುಂಡಿಯಿಂದ ಪೆಟ್ಟಿಗೆಗಳನ್ನು ತೆಗೆಸಿ, ಕಾರನ್ನು ಅದರ ಮೇಲೆ ನಿಲ್ಲಿಸಿದೆವು. ಇಬ್ಬರು ‘ಶೆಟ್ಟರು’ ಕೂತೇ ಇದ್ದರು. ಹಸನಾಕ ಕೆಳಗಿಳಿದ. ಚಕ್ರದ ಸೆನ್ಸರಿನಿಂದ ಬಾಡಿಯ ಕಡೆಗೆ ಹೋಗುವ ತಂತಿಯನ್ನು ಹಿಡಿದಿಡಬೇಕಾದ ಕ್ಲಿಪ್ ಇರಲಿಲ್ಲ. ಕಾರಿನ ಹಿಂಭಾಗ ಪೂರ್ತಿ ಕುಸಿದಾಗ ತಂತಿ ಮಡಚಿಕೊಂಡು, ಹೊರಗಿನ ರಬ್ಬರು ಚೆನ್ನಾಗಿದ್ದರೂ ಒಳಗೆ ತುಂಡಾಗಿದ್ದ ತಾಮ್ರದ ಎಳೆಗಳು ಬೇರೆಯಾಗುತ್ತಿದ್ದವು. ಲಿಫ್ಟಿನಲ್ಲಿ ಎತ್ತಿದಾಗ ಚಕ್ರ ಜೋತುಬಿದ್ದು ತಂತಿ ನೆಟ್ಟಗಾಗುತ್ತಿತ್ತು, ತುದಿಗಳು ಮತ್ತೆ ಕೂಡಿಕೊಳ್ಳುತ್ತಿದ್ದವು. ನಮ್ಮ ಆಧುನಿಕ ಯಂತ್ರವೇ ರೋಗಿಯನ್ನು ಪರೀಕ್ಷೆಯ ಹೊತ್ತಿಗೆ ಗುಣಪಡಿಸುತ್ತಿತ್ತು. ಕ್ಲಿಪ್ ಎಲ್ಲಿ ಹೋಯಿತು? ಹಳೆಯ ಕಾರ್ಡುಗಳನ್ನು ತೆಗೆದು ನೋಡಿದರೆ, ಹಿಂದಿನ ವರ್ಷ ಅದೇ ಚಕ್ರದ ಶಾಕ್ ಅಬ್ಸಾರ್ಬರ್ ಬದಲಿಸಿದವರು ನಾವೇ. ಕೊನೆಯ ತಪಾಸಣೆಯ ಸಹಿ ನನ್ನದು. ಅಂಥ ತಪಾಸಣೆ ಮಾಡಿದ ನೆನಪು ನನಗಿಲ್ಲ. ಮಾಡಿರಲಿಕ್ಕಿಲ್ಲ ಎಂಬುದಕ್ಕೆ ಅದೇ ಸಾಕ್ಷಿ ಇರಬಹುದು.

ಹೊಸ ತಂತಿ ಹಾಕಿ, ಕ್ಲಿಪ್ ಸಿಕ್ಕಿಸಿದ್ದಾಯಿತು. ಮ್ಯಾನೇಜರ್ ಹೇಳಿದ, “ಕ್ಲಿಪ್ ವಿಷಯ ಬರಿಬೇಡಿ. ಹ್ಯಾಬಿಟ್ ವಿಷಯ ನೀವೇ ಹೋಗಿ ಬಾಯಲ್ಲಿ ಹೇಳಿ ಬನ್ನಿ.” ಸಂಜೀವನ ಜೊತೆ ಅದೇ ಕಾರಿನಲ್ಲಿ ನಾನು ಮೂಡಬಿದಿರೆಗೆ ಹೋದೆ.

ಮುಂದಿನದ್ದನ್ನು ನಾನು ಹೇಳುತ್ತಾ ಬಂದದ್ದು ಹೀಗೆ. ಶೆಟ್ಟರ ಹೋಟೆಲಿನ ಗಲ್ಲಾದ ಎದುರು ನಿಂತು ಹೇಳಿದೆ: “ತಪ್ಪು ನಮ್ಮದು. ಸಂಜೀವನಿಗೆ ಯಾವ ಹ್ಯಾಬಿಟೂ ಇಲ್ಲ. ಲೈಟು ಬಂದದ್ದು ನಿಮ್ಮ ತೂಕಕ್ಕೆ.” ಶೆಟ್ಟರು ಹೊಟ್ಟೆ ಕುಣಿಸಿಕೊಂಡು ನಕ್ಕರು, ಸಂಜೀವನನ್ನು ಕರೆದು ಹೆಗಲು ತಟ್ಟಿದರು. ಹೊಸಬರ ತರಬೇತಿಗಳಲ್ಲೆಲ್ಲ ನಾನು ಈ ಕಥೆ ಹೇಳಿದ್ದೇನೆ. ಪ್ರತಿ ಸಲವೂ ಚಪ್ಪಾಳೆ. ಪ್ರತಿ ಸಲವೂ ಶೆಟ್ಟರ ನಗು ಸ್ವಲ್ಪ ಜೋರಾಗುತ್ತಿತ್ತು.

ನಿವೃತ್ತಿಯಾದ ಮೇಲೆ, ಹೋದ ತಿಂಗಳು, ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಾಲೇಜು ಬಸ್ಸಿನ ಡ್ರೈವರ್ ಸೀಟಿನಿಂದ ಯಾರೋ “ಸರ್, ಗುರ್ತ ಸಿಕ್ಕಿತಾ?” ಎಂದರು. ಸಂಜೀವ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮಕ್ಕಳು ಬರಲು ಇನ್ನೂ ಹೊತ್ತಿತ್ತು, ಚಾ ಕುಡಿಯಲು ಹೋದೆವು. ನಾನು ಖುಷಿಯಲ್ಲಿ ಕೇಳಿದೆ, “ಆ ದಿನ ಶೆಟ್ರು ಎಂಥ ನಗಾಡಿದ್ದು ಅಲ್ವಾ?”

“ಯಾವ ದಿನ ಸರ್?”

“ನಾನು ಬಂದು ಹೇಳಿದ ದಿನ. ಹ್ಯಾಬಿಟ್ ಇಲ್ಲ ಅಂತ.”

ಸಂಜೀವ ಚಾದ ಗ್ಲಾಸು ಕೆಳಗಿಟ್ಟ. ಕೋಪವೇನೂ ಇರಲಿಲ್ಲ ಅವನಿಗೆ, ಒಂಥರಾ ಕುತೂಹಲ. “ನೀವು ಬಂದದ್ದು ಹೌದು. ನೀರುದೋಸೆ ತಿಂದಿರಿ, ಎರಡು ಪ್ಲೇಟು. ಬಂಗುಡೆ ಪುಳಿಮುಂಚಿ ತಿಂದಿರಿ. ಚಾವಿ ಕೊಟ್ಟಿರಿ. ‘ವೈರಿಂಗ್ ಸರಿ ಮಾಡಿದ್ದೇವೆ’ ಅಂದಿರಿ. ಶೆಟ್ರು, ‘ಹಾಗಾದ್ರೆ ಸಂಜೀವನದ್ದು?’ ಅಂತ ಕೇಳಿದ್ರು. ನೀವು, ‘ಅದು ನಿಮ್ಮ ಒಳಗಿನ ವಿಷಯ ಶೆಟ್ರೆ’ ಅಂದಿರಿ. ನಾನು ಕೈ ತೊಳಿಯುವಲ್ಲಿ ನಿಂತಿದ್ದೆ.”

“ಮತ್ತೆ?”

“ಮತ್ತೆಂತ? ತಿಂಗಳ ಕೊನೆಗೆ ಬಿಟ್ಟೆ. ಎರಡು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ಮೂಟೆ ಹೊತ್ತೆ. ಭಜನಾ ಮಂಡಳಿಯಲ್ಲಿ ಸಹ, ಸ್ವಲ್ಪ ದಿನ ಬೇರೆಯವರು ಮಾಡ್ಲಿ ಅಂದ್ರು. ಆಮೇಲೆ ಹಸನಾಕ ಈ ಕಾಲೇಜಿಗೆ ಹೋಗಿ, ‘ಈ ಜನ ನೀರು ಬಿಟ್ಟು ಬೇರೆ ಕುಡಿಯುದಿಲ್ಲ, ನಾನು ಜವಾಬ್ದಾರಿ’ ಅಂತ ಹೇಳಿದ್ದು. ಹಾಗೆ ಚಾವಿ ಸಿಕ್ಕಿದ್ದು.” ಗ್ಲಾಸಿನಲ್ಲಿ ಉಳಿದ ಚಾ ಮುಗಿಸಿ ಹೇಳಿದ, “ಗುರುವಾಯನಕೆರೆಗೆ ಹೋದ ದಿನ ನಾನು ನಿಮಗೆ ಎರಡು ಸಲ ಹೇಳಿದ್ದೆ ಸರ್. ಧಣಿಗಳು ಕೂತಾಗ ಬರ್ತದೆ ಅಂತ. ನೀವು ನಗಾಡಿದಿರಿ. ‘ಕಾರಿಗೆ ಧಣಿ ಯಾರು ಅಂತ ಗೊತ್ತುಂಟಾ?’ ಅಂದಿರಿ.”

ಜೋಕು ನನ್ನದೇ ಎಂದು ಕೇಳಿದ ಕೂಡಲೇ ಗೊತ್ತಾಯಿತು. ಅಂಥ ಜೋಕು ನಾನೇ ಮಾಡುವುದು.

ಮನೆಗೆ ಬಂದು ಎರಡು ದಿನ ನನ್ನೊಡನೆಯೇ ವಾದ ಮಾಡಿದೆ. ಸಂಜೀವನ ನೆನಪೂ ನೆನಪೇ, ಅದೂ ಬದಲಾಗಿರಬಹುದಲ್ಲ? ಅನ್ಯಾಯಕ್ಕೊಳಗಾದವನ ನೆನಪು ಗಟ್ಟಿಯಾಗುತ್ತದೆ, ಆದರೆ ಗಟ್ಟಿಯಾದದ್ದೆಲ್ಲ ಸರಿ ಎಂದಿಲ್ಲ. ಸಂಶಯ ಎಂಬುದು ಬಹಳ ಅನುಕೂಲದ ವಿದ್ಯೆ. ಅದರಿಂದ ಎಲ್ಲವನ್ನೂ ಪ್ರಶ್ನಿಸಬಹುದು, ಎಲ್ಲಿಯೂ ನಿಲ್ಲಬೇಕಾಗಿಲ್ಲ. ಹಸನಾಕ ಈಗಿಲ್ಲ. ಶೆಟ್ಟರೂ ತೀರಿಕೊಂಡರು. ಕೊನೆಗೆ ಹಳೆಯ ಕಡತಗಳ ನಡುವೆ, ಕಾರು ಸರಿಯಾದ ಮೇಲೆ ನಾನು ಬರೆದ ಎರಡನೆಯ ವರದಿಯ ನಕಲು ಸಿಕ್ಕಿತು. ನನ್ನ ಅಕ್ಷರ: ವೈರಿಂಗ್ ರೆಕ್ಟಿಫೈಡ್. ವೆಹಿಕಲ್ ನಾರ್ಮಲ್. ಡ್ರೈವರನ ಬಗ್ಗೆ ಒಂದಕ್ಷರವಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ನನ್ನೊಳಗೇ ಇತ್ತು. ಶೆಟ್ಟರು ನಗುತ್ತಾ ಏನು ಹೇಳಿದರು ಎಂಬುದನ್ನು ನಾನು ಪ್ರತಿ ತರಬೇತಿಯಲ್ಲೂ ಬೇರೆ ಬೇರೆ ಹೇಳಿದ್ದೇನೆ. ಆ ಪುಳಿಮುಂಚಿ ಸಾರಿನ ರುಚಿ ಮಾತ್ರ ಒಂದು ಸಲವೂ ಬದಲಾಗಿಲ್ಲ. ಹುಳಿ ಒಂದು ಚೂರು ಮುಂದೆ ಇತ್ತು.

ಮುಂದಿನ ವಾರ ಅದೇ ಹೊತ್ತಿಗೆ ಬೆಳ್ತಂಗಡಿಗೆ ಹೋದೆ. ಸಂಜೀವ ಬಸ್ಸಿನ ಕನ್ನಡಿ ಒರೆಸುತ್ತಿದ್ದ.

“ನೀವು ಹೇಳಿದ್ದು ಸರಿ ಇರಬೇಕು” ಎಂದೆ.

“ಇರಬೇಕು ಅಂದ್ರೆ?”

“ಸರಿ.”

“ಹ್ಞಾಂ.” ಬಟ್ಟೆ ಮಡಚಿಟ್ಟ.

“ಕೆಲಸಕ್ಕೆ ಸೇರುವ ಮಕ್ಕಳಿಗೆ ಬರೆದು ಕೊಡ್ಲಿಕ್ಕೆ ಹೇಳಿದ್ದಾರೆ. ಇದನ್ನೇ ಬರೀತೇನೆ. ನಿಮ್ಮ ಹೆಸರು ಹಾಕಬಹುದಾ?”

ಮಕ್ಕಳು ಬಸ್ಸು ಹತ್ತತೊಡಗಿದ್ದರು. ಸಂಜೀವ ಸೀಟಿಗೆ ಏರಿ ಚಾವಿ ತಿರುಗಿಸಿದ. ಡ್ಯಾಶ್‌ಬೋರ್ಡಿನ ಎಲ್ಲ ಲೈಟುಗಳೂ ಒಮ್ಮೆ ಹೊತ್ತಿಕೊಂಡು, ಒಂದೊಂದಾಗಿ ಆರಿದವು. ಎಲ್ಲವೂ ಆರಿತೇ ಎಂದು ನೋಡಿಯೇ ಅವನು ನನ್ನ ಕಡೆ ತಿರುಗಿದ್ದು.

“ಹಾಕಿ ಸರ್. ಹ್ಯಾಬಿಟ್ ಇರ್ಲಿಲ್ಲ ಅಂತ್ಲೂ ಹಾಕಿ” ಎಂದ. ಗೇರ್ ಹಾಕಿ, ಮತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಆದ್ರೆ ಇಂಗ್ಲಿಷಿನಲ್ಲಿ ಬರಿಬೇಡಿ ಮಾರಾಯ್ರೆ.”